ಕೆಲಸವಿಲ್ಲದವರ ಕಾಲ್ನಡಿಗೆ

ಆಮ್‌ಸ್ಟರ್‌ಡ್ಯಾಮ್. 1997ರ ಜೂನ್ 14, ಶನಿವಾರ.

ಊರ ತುಂಬ ಕಾಲುವೆಗಳು. ಕಾಲುವೆಗಳ ಮೇಲೆ ಸಾಲು ಸಾಲು ಕಮಾನು ಸೇತುವೆಗಳು. ಸೇತುವೆಯ ಕಂಬಿಗಳಿಗೆ ಸರಪಳಿ ಬಿಗಿದು ನಿಲ್ಲಿಸಿದ ಸೈಕಲ್ಲುಗಳು. ಉಳಿದ ದಿನ ಸೈಕಲ್ ಬೆಲ್ಲಿಗೆ ಬೆಚ್ಚಿ ಪಕ್ಕಕ್ಕೆ ಸರಿಯುವ ಪಾದಚಾರಿಗಳದೇ ಇವತ್ತು ದರ್ಬಾರು. ಸುಮಾರು 50 ಸಾವಿರ ಜನ ಬೀದಿಗಿಳಿದಿದ್ದಾರೆ. ಕೆಂಪು, ಕಪ್ಪು, ಹಸಿರು ಬಾವುಟಗಳು; ಬೆಡ್‌ಶೀಟಿಗೆ ಬಣ್ಣ ಬಳಿದು ಮಾಡಿದ ಬ್ಯಾನರುಗಳು; ಡೋಲು, ಸೀಟಿ, ಮೆಗಾಫೋನು. ಮುಂದಿನ ಸಾಲಿನಲ್ಲಿ ಫ್ರೆಂಚಿನಲ್ಲೊಂದು ಘೋಷಣೆ ಎದ್ದರೆ ಹಿಂದಿನ ಸಾಲಿನ ಇಟಾಲಿಯನ್ನರು ಮಾತು ತಿಳಿಯದಿದ್ದರೂ ತಾಳ ಹಿಡಿಯುತ್ತಾರೆ. ಜರ್ಮನ್ನರ ಬ್ಯಾನರಿನಡಿ ಸ್ಪೇನಿನವರು, ಸ್ಪೇನಿನವರ ಪಕ್ಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಹಮಾಲರು.

ಬಹುತೇಕರು ರೈಲಿನಲ್ಲೋ ಬಸ್ಸಿನಲ್ಲೋ ಆ ದಿನದ ಮಟ್ಟಿಗೆ ಬಂದವರು. ನಡುವೆ ಕೆಲವು ನೂರು ಮಂದಿಯ ಚಹರೆಯೇ ಬೇರೆ. ಕತ್ತು ಬಿಸಿಲಿಗೆ ಕಂದಿದೆ, ಬೂಟಿನ ಹಿಮ್ಮಡಿ ಒಂದು ಬದಿಗೆ ಸವೆದಿದೆ. ಇವರು ಎರಡು ತಿಂಗಳಿಂದ ರಸ್ತೆಯ ಮೇಲಿದ್ದವರು. ಏಪ್ರಿಲ್ 14ರಂದು ಯುರೋಪಿನ ಮೂಲೆ ಮೂಲೆಗಳಿಂದ ಹೊರಟು ಈ ಊರಿಗೆ ಬಂದು ಕೂಡಿದವರು. ದೇಶ ಬೇರೆ, ಭಾಷೆ ಬೇರೆ, ಕಸುಬು ಬೇರೆ. ಇವರನ್ನೆಲ್ಲ ಒಂದು ಮಾಡಿದ್ದು ಯಾರ ಬಳಿಯೂ ಇಲ್ಲದ ಒಂದು ಸಂಗತಿ: ಕೆಲಸ.

ಮೆರವಣಿಗೆಯ ಹೆಸರು ಉದ್ದದ್ದು. ನಿರುದ್ಯೋಗ, ಅಭದ್ರ ದುಡಿಮೆ ಮತ್ತು ಸಮಾಜದಿಂದ ಹೊರಗಿಡುವುದರ ವಿರುದ್ಧ ಯುರೋಪಿನ ಜಾಥಾ. ನಾಡಿದ್ದು ಸೋಮವಾರ ಇದೇ ಊರಿಗೆ ಐರೋಪ್ಯ ಒಕ್ಕೂಟದ 15 ದೇಶಗಳ ನಾಯಕರು ಬರುತ್ತಾರೆ. ಅವರು ಕುರ್ಚಿಯಲ್ಲಿ ಕೂರುವ ಮುಂಚೆಯೇ ತಾವು ಬೀದಿಯಲ್ಲಿ ನಿಂತಿರಬೇಕು ಎಂಬುದು ಜಾಥಾದವರ ಲೆಕ್ಕಾಚಾರ.

ಬೀಗ ಬಿದ್ದ ಗೇಟುಗಳು

ಸರ್ಕಾರಿ ಲೆಕ್ಕದ ಪ್ರಕಾರವೇ ಆಗ ಒಕ್ಕೂಟದಲ್ಲಿ ನಿರುದ್ಯೋಗಿಗಳ ಸಂಖ್ಯೆ ಸುಮಾರು 1 ಕೋಟಿ 80 ಲಕ್ಷ. ದುಡಿಯಲು ತಯಾರಿದ್ದ ಹತ್ತು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸವಿಲ್ಲ. ಸ್ಪೇನಿನಲ್ಲಿ ಐವರಲ್ಲಿ ಒಬ್ಬರಿಗಿಲ್ಲ. ಜರ್ಮನಿಯಲ್ಲಿ ಆ ಜನವರಿಯಲ್ಲಿ ಸಂಖ್ಯೆ 46 ಲಕ್ಷ ದಾಟಿತ್ತು. 1930ರ ದಶಕದ ಮಹಾಕುಸಿತದ ನಂತರ ಆ ದೇಶ ಅಂಥ ಅಂಕಿಯನ್ನು ಕಂಡಿರಲಿಲ್ಲ. ಎರಡು ಜರ್ಮನಿಗಳು ಒಂದಾದ ಮೇಲೆ ಪೂರ್ವದ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದ್ದವು. ಸೋವಿಯತ್ ಒಕ್ಕೂಟ ಒಡೆದಾಗ ಅದರೊಂದಿಗಿನ ವ್ಯಾಪಾರವನ್ನೇ ನೆಚ್ಚಿದ್ದ ಫಿನ್ಲೆಂಡಿಗೂ ಪೆಟ್ಟು ಬಿದ್ದಿತ್ತು.

ಇದೇ ಹೊತ್ತಿಗೆ ಸರ್ಕಾರಗಳು ಇನ್ನೊಂದು ಪರೀಕ್ಷೆಗೆ ಕೂತಿದ್ದವು. 1992ರ ಮಾಸ್ಟ್ರಿಕ್ಟ್ ಒಪ್ಪಂದದಂತೆ ಹೊಸ ಏಕ ನಾಣ್ಯದ ಪಂಕ್ತಿಗೆ ಸೇರಬೇಕಾದರೆ ಬಜೆಟ್ಟಿನ ಕೊರತೆ ಒಟ್ಟು ದೇಶೀಯ ಉತ್ಪನ್ನದ ಶೇ 3ರ ಒಳಗಿರಬೇಕು, ಸಾಲ ಶೇ 60 ಮೀರಬಾರದು. ಆ ಗೆರೆಯೊಳಗೆ ಬರಲು ದೇಶ ದೇಶಗಳಲ್ಲಿ ಖರ್ಚಿಗೆ ಕತ್ತರಿ ಬಿತ್ತು. ಪಿಂಚಣಿ, ಆಸ್ಪತ್ರೆ, ಭತ್ಯೆ ಯಾವುದೂ ಉಳಿಯಲಿಲ್ಲ. ಇಂತಿಷ್ಟಕ್ಕಿಂತ ಹೆಚ್ಚು ಜನ ನಿರುದ್ಯೋಗಿಗಳಾಗಿರಬಾರದು ಎಂಬ ಗೆರೆಯನ್ನು ಮಾತ್ರ ಯಾರೂ ಎಳೆದಿರಲಿಲ್ಲ.

ಉರಿಗೆ ಗಾಳಿ ಬೀಸಿದ್ದು ಬೆಲ್ಜಿಯಮ್ಮಿನಲ್ಲಿ. ಬ್ರಸೆಲ್ಸಿನ ಮಗ್ಗುಲಲ್ಲೇ ಇರುವ ವಿಲ್‌ವೋರ್ಡ್ ಎಂಬ ಪಟ್ಟಣದಲ್ಲಿ ಫ್ರಾನ್ಸಿನ ರೆನೋ ಕಂಪನಿಯ ಕಾರು ಕಾರ್ಖಾನೆ ಇತ್ತು. 1997ರ ಫೆಬ್ರುವರಿ 27ರಂದು ಅದನ್ನು ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. 3,100 ಜನರ ಕೆಲಸ ಒಂದೇ ಮಾತಿಗೆ ಹೋಯಿತು. ಬೆಲ್ಜಿಯಮ್ಮಿನ ಆಗಿನ ಪ್ರಧಾನಿ ಜಾನ್ ಲುಕ್ ಡೆಹಾನ ವಿಲ್‌ವೋರ್ಡಿನವರೇ; ಅವರಿಂದಲೂ ಏನೂ ಮಾಡಲಾಗಲಿಲ್ಲ. ಅಷ್ಟರಲ್ಲಿ ಫ್ರಾನ್ಸು, ಸ್ಪೇನುಗಳ ರೆನೋ ಕಾರ್ಮಿಕರು ಮಾರ್ಚ್ 7ರಂದು ಬೆಲ್ಜಿಯಮ್ಮಿನವರಿಗಾಗಿ ಯಂತ್ರ ನಿಲ್ಲಿಸಿದರು. ಮಾಲೀಕರು ಗಡಿ ದಾಟಿ ಲೆಕ್ಕ ಹಾಕುತ್ತಾರೆಂದರೆ ಕಾರ್ಮಿಕರೂ ಗಡಿ ದಾಟಿಯೇ ಉತ್ತರ ಕೊಡಬೇಕು ಎಂಬ ಮಾತಿಗೆ ಆ ತಿಂಗಳು ಬಲ ಬಂತು. ಹತ್ತು ದಿನ ಕಳೆಯುವಷ್ಟರಲ್ಲಿ ಬ್ರಸೆಲ್ಸಿನ ಬೀದಿಗಳು ಹತ್ತಾರು ಸಾವಿರ ಜನರಿಂದ ತುಂಬಿದ್ದವು.

ಆದರೆ ಯಂತ್ರ ನಿಲ್ಲಿಸಲು ಯಂತ್ರದ ಮುಂದೆ ನಿಂತಿರಬೇಕು. ಗೇಟಿಗೆ ಬೀಗ ಬಿದ್ದ ಮೇಲೆ ಕಾರ್ಮಿಕನ ಕೈಯಲ್ಲಿ ಮುಷ್ಕರವೆಂಬ ಆಯುಧ ಇರುವುದಿಲ್ಲ. ಕೆಲಸ ಇಲ್ಲದವನು ಏನನ್ನು ಬಿಟ್ಟು ಕೂರಬೇಕು? ಅವನ ಬಳಿ ಉಳಿದಿರುವುದು ಕಾಲು ಮತ್ತು ಹೊತ್ತು. ಜಾಥಾ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಜಾರೋದ ಓಕ್ ಪೆಟ್ಟಿಗೆ

ಈ ಉಪಾಯ ಹೊಸದಲ್ಲ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಜಾರೋ ಎಂಬ ಊರಿದೆ. ಹಡಗು ಕಟ್ಟುವುದೇ ಅಲ್ಲಿನ ಬದುಕಾಗಿತ್ತು. 1930ರ ದಶಕದಲ್ಲಿ ಪಾಮರ್ ಹಡಗುಕಟ್ಟೆ ಮುಚ್ಚಿದಾಗ ಇಡೀ ಊರೇ ಕೈಕಟ್ಟಿ ಕೂತಿತು. 1936ರ ಅಕ್ಟೋಬರ್ 5ರಂದು ಅಲ್ಲಿನ 200 ಗಂಡಸರು ಲಂಡನ್ನಿಗೆ ನಡೆದು ಹೊರಟರು. ಸುಮಾರು 450 ಕಿ.ಮೀ. ದಾರಿ. ಜೊತೆಗೊಂದು ಓಕ್ ಮರದ ಪೆಟ್ಟಿಗೆ, ಅದರೊಳಗೆ 11 ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ. ಊರಿನ ಸಂಸದೆ ಎಲೆನ್ ವಿಲ್ಕಿನ್ಸನ್ ದಾರಿಯ ಬಹುಭಾಗ ಅವರೊಂದಿಗೇ ಹೆಜ್ಜೆ ಹಾಕಿದರು. ಅಡುಗೆಯ ಸಾಮಾನು ಹೊತ್ತ ವಾಹನ ಮುಂದಾಗಿ ಹೋಗುತ್ತಿತ್ತು. ಲೆಸ್ಟರಿನಲ್ಲಿ ಸಹಕಾರ ಸಂಘದ ಚಮ್ಮಾರರು ಕೂಲಿ ತೆಗೆದುಕೊಳ್ಳದೆ ರಾತ್ರಿಯಿಡೀ ಕೂತು ಅವರ ಬೂಟುಗಳ ಅಟ್ಟೆ ಹೊಲಿದುಕೊಟ್ಟರು.

ಅಕ್ಟೋಬರ್ 31ರಂದು ಲಂಡನ್ ಮುಟ್ಟಿದರು. ಪಾರ್ಲಿಮೆಂಟು ಮನವಿಯನ್ನು ತೆಗೆದುಕೊಂಡಿತು, ಹಡಗುಕಟ್ಟೆಯನ್ನು ಮರಳಿ ಕೊಡಲಿಲ್ಲ. ಊರಿಗೆ ವಾಪಸಾದಾಗ ಕಾದಿದ್ದದ್ದು ಮತ್ತೊಂದು ಪೆಟ್ಟು: ರಸ್ತೆಯಲ್ಲಿದ್ದ ದಿನಗಳಲ್ಲಿ ನೀವು ಕೆಲಸಕ್ಕೆ ಸಿಗುವಂತಿರಲಿಲ್ಲ ಎಂದು ಅವರ ಭತ್ಯೆಯಲ್ಲಿ ಹಣ ಮುರಿದುಕೊಂಡರು. ಊರಿನಲ್ಲಿ ಕೊಡಲು ಕೆಲಸವೇ ಇರಲಿಲ್ಲ ಎಂಬುದು ಲೆಕ್ಕ ಬರೆಯುವವರಿಗೆ ಸಂಬಂಧಿಸಿದ್ದಾಗಿರಲಿಲ್ಲ.

1990ರ ದಶಕದ ಫ್ರಾನ್ಸಿನಲ್ಲಿ ಈ ದಾರಿಯನ್ನು ಮತ್ತೆ ಹಿಡಿದದ್ದು ಎಸಿ ಎಂಬ ಸಂಘಟನೆ. ನಿರುದ್ಯೋಗದ ವಿರುದ್ಧ ಒಟ್ಟಾಗಿ ಕಾರ್ಯಕ್ಕಿಳಿಯೋಣ ಎಂಬುದು ಅದರ ಪೂರ್ಣ ಹೆಸರಿನ ಆಶಯ. 1993ರಲ್ಲಿ ಅದನ್ನು ಕಟ್ಟಿದವರಲ್ಲಿ ಅಂಚೆ–ದೂರವಾಣಿ ನೌಕರರ ಸಂಘದ ಕ್ರಿಸ್ತೋಫ್ ಅಗಿತೋ, ಉದ್ಯೋಗ ಕಚೇರಿಯ ನೌಕರರ ಮುಖಂಡೆ ಕ್ಲೇರ್ ವಿಲಿಯೆ ಮುಂತಾದವರಿದ್ದರು. ಕೆಲಸ ಇದ್ದವರ ಸಂಘಗಳೂ ಇಲ್ಲದವರ ಸಂಘಗಳೂ ಒಂದೇ ಜಮಖಾನದ ಮೇಲೆ ಕೂರಬೇಕೆಂಬುದು ಅವರ ಹಟ. 1994ರ ವಸಂತದಲ್ಲಿ ಫ್ರಾನ್ಸಿನ ಹಲವು ದಿಕ್ಕುಗಳಿಂದ ನಿರುದ್ಯೋಗಿಗಳು ನಡೆದು ಪ್ಯಾರಿಸ್ ಸೇರಿದರು. ಅದು ಕೈಗೂಡಿದ ಮೇಲೆ, ದೇಶದೊಳಗೆ ಸಾಧ್ಯವಾದದ್ದು ಖಂಡದುದ್ದಕ್ಕೂ ಏಕಾಗಬಾರದು ಎಂಬ ಪ್ರಶ್ನೆ ಎದ್ದಿತು. 1996ರ ಜೂನಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಒಕ್ಕೂಟದ ನಾಯಕರ ಸಭೆ ನಡೆದಾಗ, ಅದೇ ಊರಿನಲ್ಲಿ ಸೇರಿದ್ದ ಸಂಘಟನೆಗಳು ಮುಂದಿನ ವರ್ಷದ ಜಾಥಾಕ್ಕೆ ಕರೆ ಕೊಟ್ಟವು.

ದಿಂಡಿಗಳ ಲೆಕ್ಕ

ಕರೆ ಕೊಡುವುದು ಒಂದು ಸಂಜೆಯ ಕೆಲಸ. ನಡೆಸುವುದು ಹಾಗಲ್ಲ.

ಕೆಲಸದಲ್ಲಿ ಇರುವವರನ್ನು ಸಂಘಟಿಸಲು ಕಾರ್ಖಾನೆಯ ಗೇಟಿದೆ, ಪಾಳಿ ಬದಲಾಗುವ ಹೊತ್ತಿದೆ, ಚಹದಂಗಡಿಯಿದೆ. ಕೆಲಸ ಕಳಕೊಂಡವರು ಚದುರಿ ಮನೆ ಸೇರುತ್ತಾರೆ. ಒಬ್ಬೊಬ್ಬರೇ ಉದ್ಯೋಗ ಕಚೇರಿಗೆ ಬಂದು, ಚೀಟಿ ಹಿಡಿದು ಸಾಲಿನಲ್ಲಿ ಕೂತು, ಪಕ್ಕದವರ ಮುಖ ನೋಡದೆ ಹೋಗುತ್ತಾರೆ. ಕಾರ್ಯಕರ್ತರು ಕರಪತ್ರ ಹಂಚಲು ನಿಂತದ್ದು ಆ ಕಚೇರಿಗಳ ಬಾಗಿಲಲ್ಲೇ. ಕರಪತ್ರ ಕೈಗೆ ಕೊಟ್ಟರೆ ಕೆಲವರು ಅವಮಾನವಾದಂತೆ ಮಡಚಿ ಜೇಬಿಗಿಡುತ್ತಿದ್ದರು. ಮೊದಲು ಗೆಲ್ಲಬೇಕಾಗಿದ್ದದ್ದು ಆ ಸಂಕೋಚವನ್ನು.

ಇನ್ನು ದಾರಿಯ ಲೆಕ್ಕ. ಏಪ್ರಿಲ್ 14ಕ್ಕೆ ಹೊರಟು ಜೂನ್ 14ಕ್ಕೆ ತಲುಪಬೇಕೆಂದರೆ ಕೈಯಲ್ಲಿರುವುದು ಎರಡು ತಿಂಗಳು. ದಿನಕ್ಕೆ 20 ಕಿ.ಮೀ. ನಡೆದರೂ 1,200 ಚಿಲ್ಲರೆ ಕಿ.ಮೀ. ಆಯಿತು. ಒಂದು ತಂಡ ಹೊರಡಬೇಕಿದ್ದ, ಆಫ್ರಿಕದ ತುದಿಯಲ್ಲಿರುವ ಮೊರಾಕ್ಕೋದ ಟ್ಯಾಂಜಿಯರಿನಿಂದ ಆಮ್‌ಸ್ಟರ್‌ಡ್ಯಾಮಿಗೆ 2,000 ಕಿ.ಮೀ. ಮೀರಿದ ದಾರಿ. ಹೀಗಾಗಿ ಪೂರ್ತಿ ದಾರಿ ಕಾಲಲ್ಲೇ ಸವೆಸುವುದು ಯಾರಿಂದಲೂ ಆಗದ ಮಾತು. ಊರಿಂದೂರಿಗೆ ನಡಿಗೆ, ನಡುವಿನ ಉದ್ದ ಹಾದಿಗೆ ವ್ಯಾನು ಅಥವಾ ಬಸ್ಸು. ಕೊನೆತನಕ ಜೊತೆಗಿರುವವರು ಕೆಲವೇ ಮಂದಿ. ಉಳಿದವರು ತಮ್ಮೂರಿನಲ್ಲಿ ಕೂಡಿಕೊಂಡು ಮುಂದಿನೂರಿನವರೆಗೆ ಬಂದು ತಿರುಗುವವರು. ಪಂಢರಪುರದ ವಾರಿ ಪಾದಯಾತ್ರೆಯನ್ನು ಕಂಡವರಿಗೆ ಈ ಏರ್ಪಾಟನ್ನು ಬಿಡಿಸಿ ಹೇಳಬೇಕಿಲ್ಲ: ಊರೂರಿನ ದಿಂಡಿಗಳು, ಅಂದರೆ ಯಾತ್ರಿಕರ ತಂಡಗಳು, ತಮ್ಮ ತಮ್ಮ ಹಾದಿಯಲ್ಲಿ ಬಂದು ಒಂದನ್ನೊಂದು ಕೂಡುತ್ತಾ ಹೊಳೆ ದೊಡ್ಡದಾಗುತ್ತದೆ, ಯಾವ ದಿನ ಯಾವ ಊರಿನಲ್ಲಿ ಬಿಡಾರ ಎಂಬುದು ಮೊದಲೇ ಗೊತ್ತಿರುತ್ತದೆ.

ಬಿಡಾರ ಹೂಡಿಸುವುದು ಸ್ಥಳೀಯ ಸಮಿತಿಯ ಪಾಲಿನ ಕೆಲಸ. ಪೌರಸಭೆಯನ್ನು ಕೇಳಿ ಶಾಲೆಯ ವ್ಯಾಯಾಮಶಾಲೆ ಬಿಡಿಸಿಕೊಳ್ಳಬೇಕು. ಕಾರ್ಮಿಕ ಸಂಘದ ಸಭಾಂಗಣವೋ ಚರ್ಚಿನ ಹಾಲೋ ಆದರೂ ಸರಿ. ಸಂಜೆಗೆ ಬಿಸಿ ಊಟ, ಬೆಳಗ್ಗೆ ಕಾಫಿ–ಬ್ರೆಡ್ಡು, ನಡುಹಾದಿಗೆ ಪೊಟ್ಟಣ. ರಸ್ತೆಯ ಒಂದು ಬದಿ ಬಿಡಿಸಿಕೊಡಲು ಪೊಲೀಸರಿಗೆ ಮುಂಚಿತವಾಗಿ ಅರ್ಜಿ. ಗಡಿ ದಾಟುವ ಊರಾದರೆ ಈ ಬದಿಯ ಸಮಿತಿಯೂ ಆ ಬದಿಯ ಸಮಿತಿಯೂ ಹೊತ್ತು ಹೊಂದಿಸಿಕೊಳ್ಳಬೇಕು. ಎಲ್ಲವೂ ಫ್ಯಾಕ್ಸು, ಫೋನಿನಲ್ಲಿ. ಅದೂ ನಾಲ್ಕೈದು ಭಾಷೆಗಳಲ್ಲಿ.

ಒಂದು ದಿನದ ದಾರಿ

ಏಪ್ರಿಲ್ ಮಧ್ಯದಲ್ಲಿ ದಕ್ಷಿಣದ ತುದಿ ಟ್ಯಾಂಜಿಯರಿನಲ್ಲಿ ಬಿಸಿಲೇರಿದ್ದರೆ, ಉತ್ತರದ ತುದಿ ಫಿನ್ಲೆಂಡಿನ ಲ್ಯಾಪ್‌ಲೆಂಡಿನಲ್ಲಿ ನೆಲದ ಮೇಲಿನ ಹಿಮ ಇನ್ನೂ ಕರಗಿರುವುದಿಲ್ಲ. ಮತ್ತೊಂದು ತಂಡ ಯುದ್ಧ ನಿಂತು ಎರಡು ವರ್ಷವೂ ತುಂಬದ ಬೋಸ್ನಿಯಾದಿಂದ. ಅಲ್ಲಿ ಕೆಲಸ ಹೋದದ್ದು ಬಜೆಟ್ಟಿನ ಕತ್ತರಿಯಿಂದಲ್ಲ, ಗುಂಡಿನಿಂದ. ಹೀಗೆ ದಿಕ್ಕು ದಿಕ್ಕುಗಳಿಂದ ತಂಡಗಳು ಹೊರಟಿದ್ದವು.

ದಾರಿಯಲ್ಲಿ ಬೆಳಗು ಹೇಗಿರುತ್ತದೆ ನೋಡಿ. ವ್ಯಾಯಾಮಶಾಲೆಯ ಮರದ ನೆಲದ ಮೇಲೆ ಬಾಸ್ಕೆಟ್‌ಬಾಲಿನ ಬಣ್ಣದ ಗೆರೆಗಳು. ಗೆರೆಗಳ ಮೇಲೆ ಅಡ್ಡಾದಿಡ್ಡಿ ಹಾಸಿದ ಮಲಗುವ ಚೀಲಗಳು. ಗೋಡೆಯ ಏಣಿಗಂಬಿಗಳಿಗೆ ನೇತುಹಾಕಿದ ಕಾಲುಚೀಲ, ಒದ್ದೆ ಅಂಗಿ. ನೂರು ಜನಕ್ಕೆ ಎರಡು ಶವರು, ಅದರ ಮುಂದೆ ಟವೆಲು ಹೆಗಲಿಗೆ ಹಾಕಿಕೊಂಡ ಸಾಲು. ಒಂದು ಮೂಲೆಯಲ್ಲಿ ಕಾಲಿನ ವೈದ್ಯ ನಡೆದಿರುತ್ತದೆ: ಅಂಗಾಲಿನ ಬೊಬ್ಬೆಯನ್ನು ಒರೆಸಿ, ಔಷಧ ಹಚ್ಚಿ, ಪಟ್ಟಿ ಸುತ್ತಿ, ಅದರ ಮೇಲೆ ಎರಡು ಜೊತೆ ಕಾಲುಚೀಲ. ಬೂಟಿನೊಳಗೆ ಕಾಲು ತೂರಿಸುವಾಗ ಮುಖ ಕಿವುಚಿದವರು ಎದ್ದು ನಿಂತ ಮೇಲೆ ಸರಿಹೋಗುತ್ತಾರೆ. ಮೊದಲ ವಾರ ಎಲ್ಲರೂ ಕಾಲಿನ ಬಗ್ಗೆಯೇ ಮಾತಾಡುತ್ತಾರೆ; ಎರಡನೆಯ ವಾರದಿಂದ ಬೇರೆ ಮಾತು ಶುರುವಾಗುತ್ತದೆ.

ಒಂಬತ್ತಕ್ಕೆ ಬ್ಯಾನರು ಬಿಚ್ಚುತ್ತದೆ. ಮುಂದೆ ಮೆಗಾಫೋನು ಕಟ್ಟಿದ ವ್ಯಾನು, ಹಿಂದೆ ಸಾಮಾನಿನ ವ್ಯಾನು, ಕಾಲು ಸೋತವರಿಗೆ ಅದರಲ್ಲೇ ಜಾಗ. ಊರು ದಾಟುವವರೆಗೆ ಘೋಷಣೆ. ಹೊರಗೆ ಹೊಲದ ನಡುವಿನ ರಸ್ತೆಯಲ್ಲಿ ಮೆಗಾಫೋನು ಸುಮ್ಮನಾಗಿ ಜೋಡಿ ಜೋಡಿ ಹರಟೆ. ಲಾರಿಯವರು ಹಾರ್ನ್ ಹೊಡೆದು ಕೈಬೀಸಿ ಹೋಗುತ್ತಾರೆ. ಕಾರಿನಲ್ಲಿ ಕೂತ ಯಾರೋ, ಹೋಗಿ ಕೆಲಸ ಹುಡುಕಿರಿ ಎಂದು ಕೂಗುವುದೂ ಉಂಟು. ಮಧ್ಯಾಹ್ನ ಯಾವುದೋ ಊರಿನ ಉದ್ಯೋಗ ಕಚೇರಿ ಎದುರಿಗೆ ನಿಂತು ಸಭೆ. ಮುಚ್ಚಿದ ಕಾರ್ಖಾನೆಯ ಗೇಟೆದುರು, ಮುಚ್ಚಲಿರುವ ಆಸ್ಪತ್ರೆಯ ಎದುರು, ಬಾಡಿಗೆ ಕಟ್ಟದವರನ್ನು ಹೊರಹಾಕಿದ ಕಟ್ಟಡದ ಎದುರು ಕೂಡ ಅದೇ ಬ್ಯಾನರು. ಊರಿನವರ ತಕರಾರು ಜಾಥಾದ ತಕರಾರಿನೊಳಗೆ ಸೇರುತ್ತ ಹೋಗುವುದು ಹೀಗೆ.

ಸಂಜೆ ಸಭೆ. ಅದರ ಹದವೇ ಬೇರೆ. ಮಾತಾಡುವವರು ಒಂದು ವಾಕ್ಯ ಹೇಳಿ ನಿಲ್ಲಬೇಕು; ಹಿಂದೆ ಮೂರು ಕಡೆ ಮೂರು ಗುಂಪು, ಪ್ರತಿ ಗುಂಪಿನ ನಡುವೆ ಎರಡು ಭಾಷೆ ಬಲ್ಲ ಒಬ್ಬರು ತಗ್ಗಿದ ದನಿಯಲ್ಲಿ ದಾಟಿಸುತ್ತಾರೆ. ಹಾಸ್ಯಕ್ಕೆ ನಗು ಮೂರು ಸಲ, ಒಂದರ ಹಿಂದೊಂದು ಬರುತ್ತದೆ. ಕೊನೆಗೆ ಡಬ್ಬಿ ತಿರುಗುತ್ತದೆ. ಯೂರೋ ನೋಟು ಜನರ ಕೈಗೆ ಬಂದದ್ದು 2002ರಲ್ಲಿ. 1997ರ ಡಬ್ಬಿಯಲ್ಲಿ ಬೀಳುವುದು ಫ್ರಾಂಕು, ಬೆಲ್ಜಿಯಮ್ಮಿನ ಫ್ರಾಂಕು, ಮಾರ್ಕು, ಗಿಲ್ಡರು, ಪೆಸೆಟಾ. ಲೆಕ್ಕ ಹಿಡಿಯುವವರು ರಾತ್ರಿ ನಾಣ್ಯಗಳನ್ನು ದೇಶವಾರು ಗುಡ್ಡೆ ಹಾಕಿ, ಗಡಿ ದಾಟುವ ಮುಂಚೆ ಆಯಾ ದೇಶದ ಹಣವನ್ನು ಅಲ್ಲೇ ಪೆಟ್ರೋಲಿಗೆ ಖರ್ಚು ಮಾಡುವ ದಾರಿ ಹುಡುಕಬೇಕು.

ಎರಡು ಗಡಿಗಳು

ಜಾಥಾ ದಾಟಿದ ಗಡಿಗಳಲ್ಲಿ ಕೆಲವು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಷೆಂಗೆನ್ ಒಪ್ಪಂದ 1995ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆ ಸ್ಪೇನಿನಿಂದ ಫ್ರಾನ್ಸಿಗೆ, ಜರ್ಮನಿಯಿಂದ ಹಾಲೆಂಡಿಗೆ ಯಾರೂ ತಡೆಯದೆ ನಡೆದುಹೋಗಬಹುದಿತ್ತು. ಖಾಲಿ ಸುಂಕದ ಚೌಕಿ, ಬೇರೆ ಬಣ್ಣದ ಫಲಕ, ಅಷ್ಟೆ. ಬ್ರಿಟನ್, ಐರ್ಲೆಂಡಿನಂತೆ ಆ ವ್ಯವಸ್ಥೆಯ ಹೊರಗಿದ್ದ ದೇಶಗಳಿಂದ ಬರುವವರು ಮಾತ್ರ ಪಾಸ್‌ಪೋರ್ಟ್ ತೆರೆಯಬೇಕಿತ್ತು.

ಟ್ಯಾಂಜಿಯರಿನ ಗಡಿ ಹಾಗಲ್ಲ. ಜಿಬ್ರಾಲ್ಟರ್ ಜಲಸಂಧಿ ಅತಿ ಕಿರಿದಾದಲ್ಲಿ 14 ಕಿ.ಮೀ. ಅಗಲ, ಈ ದಡದಲ್ಲಿ ನಿಂತರೆ ಆ ದಡದ ಬೆಟ್ಟ ಕಾಣುತ್ತದೆ. 1991ರಿಂದ ಮೊರಾಕ್ಕೋದವರಿಗೆ ಸ್ಪೇನಿಗೆ ಹೋಗಲು ವೀಸಾ ಬೇಕು. ಕೆಲಸವಿಲ್ಲದವನಿಗೆ ವೀಸಾ ಯಾರು ಕೊಡುತ್ತಾರೆ? ಪದವಿ ಪಡೆದೂ ಕೆಲಸ ಸಿಗದ ಯುವಕರು ಆ ದೇಶದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಯುರೋಪಿನ ನಿರುದ್ಯೋಗಿಗಳ ಜಾಥಾ ಆಫ್ರಿಕದ ನೆಲದಿಂದ ಹೊರಟದ್ದರಲ್ಲಿ ಅರ್ಥವಿತ್ತು. ನಮ್ಮ ಕೆಲಸ ಹೋದದ್ದು ವಲಸೆ ಬಂದವರಿಂದ ಎಂದು ಹೇಳುವ ಪಕ್ಷಗಳು ಆಗ ಯುರೋಪಿನಲ್ಲಿ ಬೆಳೆಯುತ್ತಿದ್ದವು. ಅವರಿಗೆ ಕೊಟ್ಟ ಉತ್ತರ ಅದು.

ಎರಡನೆಯ ಗಡಿ ಭೂಪಟದಲ್ಲಿ ಇಲ್ಲ. ಅದು ಭತ್ಯೆಯ ಕಾಗದದಲ್ಲಿತ್ತು. ನಿರುದ್ಯೋಗ ಭತ್ಯೆ ಪಡೆಯುವವರು ಕೆಲಸಕ್ಕೆ ಸದಾ ಸಿದ್ಧರಾಗಿರಬೇಕು ಎಂಬುದು ಎಲ್ಲೆಡೆಯ ನಿಯಮ. ಬ್ರಿಟನ್ನಿನಲ್ಲಿ 1996ರ ಅಕ್ಟೋಬರಿನಿಂದ ಅದು ಇನ್ನೂ ಬಿಗಿಯಾಗಿತ್ತು: ಎರಡು ವಾರಕ್ಕೊಮ್ಮೆ ಕಚೇರಿಗೆ ಬಂದು ಸಹಿ ಹಾಕಬೇಕು, ಕೆಲಸ ಹುಡುಕಿದ್ದಕ್ಕೆ ಪುರಾವೆ ತೋರಿಸಬೇಕು. ಎರಡು ತಿಂಗಳು ರಸ್ತೆಯಲ್ಲಿರುವವರು ಸಹಿ ಹಾಕುವುದು ಎಲ್ಲಿ? ಜಾರೋದವರಿಗೆ 1936ರಲ್ಲಿ ಬಿದ್ದ ಕೊಕ್ಕೆ 60 ವರ್ಷ ಕಳೆದರೂ ಹಾಗೇ ಇತ್ತು. ಅನೇಕರು ಪೂರ್ತಿ ದಾರಿ ನಡೆಯದೆ ಕೆಲವು ದಿನ ಬಂದು ಹಿಂತಿರುಗಿದ್ದರ ಹಿಂದೆ ಕಾಲು ನೋವಿನ ಜೊತೆಗೆ ಈ ಸಹಿಯ ಭಯವೂ ಇತ್ತು.

ಒಳಗೂ ಎಲ್ಲ ಸಲೀಸಾಗಿರಲಿಲ್ಲ. ಯುರೋಪಿನ ದೊಡ್ಡ ಕಾರ್ಮಿಕ ಸಂಘಗಳ ಒಕ್ಕೂಟ ಈ ಜಾಥಾದಿಂದ ದೂರ ನಿಂತು, ಮೇ 28ರಂದು ತನ್ನದೇ ಪ್ರತ್ಯೇಕ ಕಾರ್ಯಕ್ರಮ ಇಟ್ಟುಕೊಂಡಿತು. ಅವರ ಸದಸ್ಯರು ಕೆಲಸದಲ್ಲಿ ಇರುವವರು. ಐರೋಪ್ಯ ಒಕ್ಕೂಟದೊಂದಿಗೆ ಮಾತುಕತೆಯ ಮೇಜಿನಲ್ಲಿ ಅವರಿಗೆ ಕುರ್ಚಿ ಇತ್ತು. ಜಾಥಾದವರಲ್ಲೇ ಕೆಲವರು ಎಲ್ಲರಿಗೂ ಕೆಲಸ ಕೊಡಿ ಎಂದರೆ, ಇನ್ನು ಕೆಲವರು ಕೆಲಸ ಇರಲಿ ಬಿಡಲಿ ಬದುಕಲು ಸಾಕಾಗುವ ವರಮಾನ ಕೊಡಿ ಎಂದರು. ಕೆಲಸದ ಹೊತ್ತು ಕಡಿಮೆ ಮಾಡಿ ಇರುವ ಕೆಲಸವನ್ನೇ ಹಂಚಿ ಎಂಬುದು ಮಾತ್ರ ಬಹುತೇಕರಿಗೆ ಒಪ್ಪಿತವಾಗಿದ್ದ ಬೇಡಿಕೆ.

ಅಷ್ಟರಲ್ಲಿ ರಾಜಕೀಯದ ಗಾಳಿಯೂ ತಿರುಗಿತು. ಜಾಥಾ ಹೊರಟ ವಾರಕ್ಕೇ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಸಂಸತ್ತನ್ನು ವಿಸರ್ಜಿಸಿದರು. ಮೇ 1ರಂದು ಬ್ರಿಟನ್ನಿನಲ್ಲಿ ಟೋನಿ ಬ್ಲೇರ್ ಗೆದ್ದರು. ಜೂನ್ ಮೊದಲ ವಾರ ಫ್ರಾನ್ಸಿನಲ್ಲಿ ವಾರಕ್ಕೆ 35 ಗಂಟೆ ದುಡಿಮೆಯ ಭರವಸೆ ಕೊಟ್ಟ ಲಿಯೊನೆಲ್ ಜೋಸ್ಪಾ ಪ್ರಧಾನಿಯಾದರು. ನಡೆಯುತ್ತಿದ್ದವರ ಕಾಲ ಕೆಳಗೇ ಎರಡು ಸರ್ಕಾರಗಳು ಬದಲಾದವು.

ಬ್ಯಾಂಕಿನೊಳಗೆ, ಬೀದಿಯಲ್ಲಿ

ಲಿವರ್‌ಪೂಲಿನ ಹಮಾಲರ ವಿಷಯ ಹೇಳದಿದ್ದರೆ ಆಮ್‌ಸ್ಟರ್‌ಡ್ಯಾಮಿನ ಚಿತ್ರ ಪೂರ್ಣವಾಗದು. 1995ರ ಸೆಪ್ಟೆಂಬರಿನಲ್ಲಿ ಜೊತೆಗಾರರ ಧರಣಿಯನ್ನು ದಾಟಿ ಒಳಗೆ ಹೋಗಲು ಒಪ್ಪದ ಕಾರಣಕ್ಕೆ ಅವರಲ್ಲಿ ಸುಮಾರು 500 ಜನರನ್ನು ಕೆಲಸದಿಂದ ತೆಗೆದಿದ್ದರು. 1997ರ ಮಾರ್ಚಿನಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ ರಾಬಿ ಫೌಲರ್ ಗೋಲು ಹೊಡೆದು ಜೆರ್ಸಿ ಎತ್ತಿದರೆ ಒಳಗೆ ಹಮಾಲರನ್ನು ಬೆಂಬಲಿಸುವ ಟೀ ಷರ್ಟು! ಯುರೋಪಿನ ಫುಟ್‌ಬಾಲ್ ಸಂಸ್ಥೆ ಅವರಿಗೆ ದಂಡ ಹಾಕಿತು. ಆ ಹಮಾಲರು ಈಗ ಕಾಲುವೆಯ ಬದಿಯಲ್ಲಿ ಇಟಲಿಯ ನೇಪಲ್ಸಿನ ನಿರುದ್ಯೋಗಿಗಳ ಜೊತೆ ನಡೆಯುತ್ತಿದ್ದಾರೆ. ನೇಪಲ್ಸಿನವರಿಗೆ ಇದು ಹಳೆಯ ವಿದ್ಯೆ. 1970ರ ದಶಕದಿಂದಲೇ ಅಲ್ಲಿ ಸಂಘಟಿತ ನಿರುದ್ಯೋಗಿಗಳ ಚಳವಳಿ ಇದೆ.

ಶನಿವಾರದ ಮೆರವಣಿಗೆ ಮುಗಿದ ಮೇಲೆ ಊರು ಬಿಗಿಯಾಯಿತು. ಭಾನುವಾರದಿಂದ ಪೊಲೀಸರು ನೂರಾರು ಜನರನ್ನು ಹಿಡಿದು ಒಳಗೆ ಹಾಕಿದರು. ಅಪರಾಧಿ ಸಂಘಟನೆಗೆ ಸೇರಿದವರು ಎಂಬ ಕಲಮನ್ನು ಅವರ ಮೇಲೆ ಹೂಡಿದ್ದು ಭಾರೀ ಟೀಕೆಗೆ ಗುರಿಯಾಯಿತು.

ಸೋಮವಾರ ನಾಯಕರು ಬಂದರು. ಸಭೆ ಸೇರಿದ್ದು ಎಲ್ಲಿ? ಹಾಲೆಂಡಿನ ಕೇಂದ್ರ ಬ್ಯಾಂಕಿನ ಕಟ್ಟಡದಲ್ಲಿ. ನಾಟಕಕಾರನಾದರೂ ಇದಕ್ಕಿಂತ ಒಪ್ಪುವ ರಂಗಸಜ್ಜಿಕೆ ಕಟ್ಟುತ್ತಿರಲಿಲ್ಲ. ಆತಿಥೇಯ ಪ್ರಧಾನಿ ವಿಮ್ ಕಾಕ್ ಅತಿಥಿಗಳಿಗೆ ಸೈಕಲ್ಲು ಕೊಡಿಸಿದರು. ಸೂಟು–ಟೈ ತೊಟ್ಟ ಪ್ರಧಾನಿಗಳು ಪೆಡಲು ತುಳಿದರು. ಹೊಸದಾಗಿ ಗೆದ್ದು ಬಂದಿದ್ದ ಬ್ಲೇರ್ ಎಲ್ಲರನ್ನೂ ಹಿಂದೆ ಹಾಕಿ ಮುಂದೆ ಹೋದರು. ಮರುದಿನದ ಪತ್ರಿಕೆಗಳಿಗೆ ಆ ಚಿತ್ರ ಸಿಕ್ಕಿತು. ಎರಡು ತಿಂಗಳ ನಡಿಗೆಗಿಂತ ಕೆಲವು ನಿಮಿಷದ ಸವಾರಿಗೆ ಹೆಚ್ಚು ಜಾಗ.

ಆದರೂ ಹೊರಗಿನ ಸದ್ದು ಒಳಗೆ ಕೇಳಿಸಲಿಲ್ಲ ಎನ್ನುವಂತಿಲ್ಲ. ಆ ಸಭೆ ಒಪ್ಪಿದ ಆಮ್‌ಸ್ಟರ್‌ಡ್ಯಾಮ್ ಒಪ್ಪಂದದಲ್ಲಿ ಉದ್ಯೋಗಕ್ಕೆಂದೇ ಒಂದು ಅಧ್ಯಾಯ ಸೇರಿತು. ಒಕ್ಕೂಟದ ಒಪ್ಪಂದಗಳಲ್ಲಿ ಅಂಥದ್ದು ಅದೇ ಮೊದಲು. ಜೋಸ್ಪಾ ಪಟ್ಟಿನಿಂದ ಬೆಳವಣಿಗೆ ಮತ್ತು ಉದ್ಯೋಗದ ಬಗ್ಗೆ ಒಂದು ನಿರ್ಣಯವೂ ಬಂತು. ನವೆಂಬರಿನಲ್ಲಿ ಲಕ್ಸೆಂಬರ್ಗಿನಲ್ಲಿ ಉದ್ಯೋಗಕ್ಕಾಗಿಯೇ ವಿಶೇಷ ಶೃಂಗಸಭೆ ನಡೆಯಿತು. ಆದರೆ ಅದೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಜೆಟ್ ಶಿಸ್ತಿನ ಒಡಂಬಡಿಕೆಯೂ ಗಟ್ಟಿಯಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಸತ್ಯ ತಿಳಿಯುತ್ತದೆ. ಏಕ ನಾಣ್ಯಕ್ಕೆ ಸೇರಿದ ದೇಶದ ಕೊರತೆ ಶೇ 3 ದಾಟಿದರೆ ದಂಡದವರೆಗೆ ಹೋಗಬಹುದು. ನಿರುದ್ಯೋಗ ಶೇ 10 ದಾಟಿದರೆ ಸಿಗುವುದು ಸಲಹೆ.

ನಡಿಗೆಯಿಂದ ಬಂದದ್ದು

ಹಾಗಾದರೆ ಎರಡು ತಿಂಗಳು ನಡೆದು ಬಂದದ್ದೇನು?

ಉತ್ತರ ಆರು ತಿಂಗಳ ನಂತರ ಸಿಕ್ಕಿತು. 1997ರ ಡಿಸೆಂಬರಿನಲ್ಲಿ ಫ್ರಾನ್ಸಿನ ನಿರುದ್ಯೋಗಿಗಳು ಭತ್ಯೆ ಹಂಚುವ ಕಚೇರಿಗಳಿಗೆ ನುಗ್ಗಿ ಕೂತುಬಿಟ್ಟರು. ಮಾರ್ಸೇಲ್ ಸುತ್ತಮುತ್ತ ಹೊತ್ತಿಕೊಂಡದ್ದು ಕೆಲವೇ ವಾರಗಳಲ್ಲಿ ದೇಶದ ತುಂಬ ಹಬ್ಬಿತು. ಬೇಡಿಕೆ ಸರಳ: ಕ್ರಿಸ್‌ಮಸ್ ಬಂತು, ತಲೆಗೆ 3,000 ಫ್ರಾಂಕ್ ಹಬ್ಬದ ಬೋನಸ್ ಕೊಡಿ. ಜಾಥಾಕ್ಕಾಗಿ ಹೆಣೆದ ಊರೂರಿನ ಸಮಿತಿಗಳು, ಫೋನ್ ನಂಬರುಗಳು, ಒಟ್ಟಿಗೆ ನೆಲದ ಮೇಲೆ ಮಲಗಿ ಎದ್ದ ಸಲುಗೆ ಎಲ್ಲ ಈಗ ಕೆಲಸಕ್ಕೆ ಬಂದವು. ಜನವರಿಯಲ್ಲಿ ಪ್ಯಾರಿಸಿನ ಪ್ರಸಿದ್ಧ ಎಕೋಲ್ ನಾರ್ಮಾಲ್ ವಿದ್ಯಾಲಯದಲ್ಲೂ ನಿರುದ್ಯೋಗಿಗಳು ಠಿಕಾಣಿ ಹೂಡಿದರು. ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯೋ ಅಲ್ಲಿಗೇ ಬಂದು ಅವರ ಪರ ಮಾತಾಡಿದರು. ಚದುರಿಹೋದವರು, ಸೋತವರು, ಎಂದೂ ಒಟ್ಟಾಗಲಾರರು ಎಂದು ವಿದ್ವಾಂಸರು ನಂಬಿದ್ದ ಜನ ಒಟ್ಟಾದದ್ದು ಬೋರ್ಡಿಯೋ ಅವರಿಗೆ ಪವಾಡದಂತೆ ಕಂಡಿತು. ಜೋಸ್ಪಾ ಸರ್ಕಾರ 100 ಕೋಟಿ ಫ್ರಾಂಕಿನ ತುರ್ತು ನಿಧಿ ತೆರೆಯಿತು. ಫೆಬ್ರುವರಿಯಿಂದ ಜರ್ಮನಿಯವರೂ ಎದ್ದರು. ಸರ್ಕಾರ ನಿರುದ್ಯೋಗದ ಅಂಕಿ ಪ್ರಕಟಿಸುವ ದಿನವನ್ನೇ ಆರಿಸಿ ಪ್ರತಿ ತಿಂಗಳು ಬೀದಿಗಿಳಿದರು. ತಿಂಗಳ ಅಂಕಿಗೆ ಮುಖ ಬಂತು.

1999ರ ಮೇ 29ರಂದು ಜರ್ಮನಿಯ ಕಲೋನಿನಲ್ಲಿ ಮತ್ತೆ ಇಂಥದ್ದೇ ಮೆರವಣಿಗೆ; ಸುಮಾರು 30 ಸಾವಿರ ಜನ. ಕಲೋನ್ ನಮಗೂ ಪರಿಚಿತ ಊರು. ಅದೇ ಬೇಸಿಗೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರೂ ಭಾರತದ ಇತರ ರೈತರೂ ಸೇರಿ ನೂರಾರು ಮಂದಿ ಬಸ್ಸುಗಳಲ್ಲಿ ಯುರೋಪು ಸುತ್ತಿ, ಜೂನಿನಲ್ಲಿ ಶ್ರೀಮಂತ ರಾಷ್ಟ್ರಗಳ ಜಿ–8 ಸಭೆಯ ಹೊತ್ತಿಗೆ ಕಲೋನ್ ತಲುಪಿದ್ದರು. ಹಸಿರು ಶಾಲಿನವರ ತಕರಾರು ಬೀಜದ್ದು, ಬೆಲೆಯದ್ದು, ಅಲ್ಲಿಯವರದು ಕೆಲಸದ್ದು. ದೂರು ಕೊಡಬೇಕಾದ ವಿಳಾಸ ಇಬ್ಬರಿಗೂ ಒಂದೇ ಆಗಿತ್ತು.

ಆಮೇಲೂ ನಡಿಗೆ ನಿಲ್ಲಲಿಲ್ಲ. 2011ರ ಜುಲೈನಲ್ಲಿ ಸ್ಪೇನಿನ ಯುವಕರು ಮ್ಯಾಡ್ರಿಡ್ಡಿನಿಂದ ಹೊರಟು ಅಕ್ಟೋಬರಿನಲ್ಲಿ ಬ್ರಸೆಲ್ಸ್ ಮುಟ್ಟಿದರು. ಮುಂದಿನ ವರ್ಷ ಆ ದೇಶದಲ್ಲಿ ದುಡಿಯಲು ತಯಾರಿದ್ದ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಜಾಥಾದಿಂದ ನಿರುದ್ಯೋಗ ಹೋಯಿತೇ ಎಂದರೆ ಇಲ್ಲ. ಜಾಥಾ ಮಾಡಿದ್ದು ಬೇರೆ ಕೆಲಸ. ಕೆಲಸ ಹೋದದ್ದು ತನ್ನ ತಪ್ಪಿನಿಂದ ಎಂದು ತಲೆ ತಗ್ಗಿಸಿ ಮನೆಯಲ್ಲಿ ಕೂತವರನ್ನು ಹೊರಗೆ ಕರೆದು, ಲೆಕ್ಕ ಕೇಳುವ ಜನರನ್ನಾಗಿ ಮಾಡಿತು. ಮುಷ್ಕರ ಹೂಡಲಾಗದವರಿಗೆ ಅದಕ್ಕಿಂತ ದೊಡ್ಡ ಗಳಿಕೆ ಇರಲಾರದು.

ಕೈಗೆ ಸಿಕ್ಕ ಗಳಿಕೆಯೂ ಒಂದಿದೆ. ಆ ಚಳಿಗಾಲದ ಗದ್ದಲದ ನಂತರ, 1998ರಿಂದ, ಫ್ರಾನ್ಸಿನಲ್ಲಿ ಕನಿಷ್ಠ ಭತ್ಯೆಯ ಮೇಲೆ ಬದುಕುವವರಿಗೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಬೋನಸ್ ಕೊಡುವುದು ರೂಢಿಯಾಯಿತು. ಒಂಟಿಯಾಗಿರುವವರಿಗೆ ವರ್ಷಗಟ್ಟಲೆ ಸಂದಾಯವಾದ ಮೊತ್ತ 152 ಯೂರೋ 45 ಸೆಂಟ್. ಈ ವಿಚಿತ್ರ ಅಂಕಿ ಹಳೆಯ 1,000 ಫ್ರಾಂಕಿನ ಬೆಲೆ. ಕೇಳಿದ್ದು 3,000, ದಕ್ಕಿದ್ದು 1,000. ಅದನ್ನು ಸರ್ಕಾರ ತಾನಾಗಿ ಕೊಟ್ಟದ್ದಲ್ಲ, ಕೆಲಸವಿಲ್ಲದವರು ಕೇಳಿ ಪಡೆದದ್ದು.